ಹೂವಿಗಿಂತ ಮೊದಲು ಕಿಟಕಿ ನೋಡಿ: ಉಡುಗೊರೆಗೆ ಯಾವ ಆರ್ಕಿಡ್, ಮನೆಗೆ ಯಾವುದು?

ಆರ್ಕಿಡ್ ಕೊಳ್ಳಲು ಹೋದವರು ಬಣ್ಣ ನೋಡಿ ಕೈಹಾಕುವುದೇ ಹೆಚ್ಚು. ಆರು ತಿಂಗಳ ಮೇಲೆ ಎಲೆ ಸುಕ್ಕಾಗಿ, ಬೇರು ಕೊಳೆತು, ಕುಂಡ ಖಾಲಿಯಾದಾಗ "ಆರ್ಕಿಡ್ ನಮ್ಮ ಕೈಗೆ ಹತ್ತುವುದಿಲ್ಲ" ಎಂದುಬಿಡುತ್ತಾರೆ. ಹೆಚ್ಚಿನ ಸಲ ಕೈಯ ತಪ್ಪು ಏನೂ ಇರುವುದಿಲ್ಲ. ಮಂಗಳೂರಿನ ಸೆಕೆಗೆ ತಂಪು ಬೇಡುವ ಸಿಂಬಿಡಿಯಂ ಬಗೆಯನ್ನು ಒಯ್ದಿರುತ್ತಾರೆ, ಬಿಸಿಲೇ ಬೀಳದ ಫ್ಲ್ಯಾಟಿಗೆ ಬಿಸಿಲು ಬೇಡುವ ವ್ಯಾಂಡಾ ತಂದಿರುತ್ತಾರೆ. ಆರ್ಕಿಡ್ ಎಂಬ ಒಂದೇ ಹೆಸರಿನ ಕೆಳಗೆ ನೀರು, ಬೆಳಕು, ಚಳಿಯ ವಿಷಯದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಗಿಡಗಳಿವೆ. ಹಾಗಾಗಿ ಮೊದಲು ಗಿಡ ಹೋಗಿ ಕೂರುವ ಜಾಗ ಗೊತ್ತಾಗಬೇಕು, ಹೂವಿನ ಆಯ್ಕೆ ಆಮೇಲೆ.

ಜಾಗ ಅಳೆಯಲು ಉಪಕರಣ ಬೇಡ. ಬೆಳಿಗ್ಗೆ ಹತ್ತು, ಹನ್ನೊಂದರ ಹೊತ್ತಿಗೆ ಗಿಡ ಇಡುವ ಕಡೆ ಒಂದು ಬಿಳಿ ಕಾಗದ ಹಾಸಿ, ಅದರ ಮೇಲೆ ಒಂದಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ನೆರಳು ಮಸುಕಾಗಿ, ಅಂಚು ಕರಗಿದಂತೆ ಕಂಡರೆ ಅದು ಫೆಲನಾಪ್ಸಿಸ್‌ನ ಜಾಗ. ಐದೂ ಬೆರಳು ಬೇರೆಬೇರೆಯಾಗಿ ಕಂಡರೆ ಡೆಂಡ್ರೋಬಿಯಂ, ಕ್ಯಾಟ್ಲಿಯಾ ಇಡಬಹುದು. ನೆರಳು ಕತ್ತರಿಸಿದಂತೆ ಗಾಢವಾಗಿದ್ದರೆ ವ್ಯಾಂಡಾ, ಮೊಕಾರಾ. ಇವೆಲ್ಲ ಆರ್ಕಿಡ್‌ನ ಬಗೆಗಳು, ಒಂದೊಂದರ ವಿವರ ಮುಂದಿದೆ. ನೆರಳೇ ಬೀಳದಿದ್ದರೆ ಅಲ್ಲಿ ಯಾವ ಆರ್ಕಿಡ್ಡೂ ಮತ್ತೆ ಹೂ ಬಿಡದು. ಅಂಥ ಮನೆಗೆ ಹೂಬಿಟ್ಟ ಗಿಡ ಕೊಟ್ಟರೆ ಇರುವ ಹೂವನ್ನು ಎರಡು ತಿಂಗಳು ನೋಡಬಹುದು, ಅಷ್ಟೆ. ಉಡುಗೊರೆಗೆ ಅದೂ ಸಾಲುತ್ತದೆ, ಆದರೆ ಕೊಡುವವರಿಗೆ ಗೊತ್ತಿರಬೇಕು.

ಫೆಲನಾಪ್ಸಿಸ್: ಉಡುಗೊರೆಗೆ ಮೊದಲ ಆಯ್ಕೆ

ಅಗಲವಾದ ನಾಲ್ಕೈದು ಎಲೆ, ನಡುವಿನಿಂದ ಬಿಲ್ಲಿನಂತೆ ಬಾಗಿದ ಹೂಕಡ್ಡಿ, ಅದರ ಮೇಲೆ ಪತಂಗ ಸಾಲಾಗಿ ಕೂತಂತೆ ಹೂವು. ಗೃಹಪ್ರವೇಶಕ್ಕೋ ಷಷ್ಟ್ಯಬ್ದಿಗೋ ಗಿಡ ಒಯ್ಯಬೇಕು, ಪಡೆಯುವವರಿಗೆ ಗಿಡದ ಅನುಭವ ಇದೆಯೋ ಇಲ್ಲವೋ ಗೊತ್ತಿಲ್ಲ ಎಂದಾದರೆ ಕಣ್ಣುಮುಚ್ಚಿ ಇದನ್ನೇ ಆರಿಸಿ. ಹೂವು ಎರಡರಿಂದ ಮೂರು ತಿಂಗಳು ನಿಲ್ಲುತ್ತದೆ, ವಾರಕ್ಕೊಮ್ಮೆ ನೀರು ಸಾಕು, ನೇರ ಬಿಸಿಲು ಬೇಕಿಲ್ಲ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೂ ಇದರ ಎಲೆ ಅವಕ್ಕೆ ವಿಷವಲ್ಲ.

ಇದು ಸಾಯುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಅಂಗಡಿಯಲ್ಲಿ ಸಿಗುವ ಗಿಡ ತೆಳು ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿರುತ್ತದೆ. ಅದನ್ನು ತೂತಿಲ್ಲದ ಚೆಂದದ ಪಿಂಗಾಣಿ ಕುಂಡದೊಳಗೆ ಇಳಿಸಿ ಮಾರುತ್ತಾರೆ. ಒಳಗಿನ ಪ್ಲಾಸ್ಟಿಕ್ ಕುಂಡವನ್ನು ಎತ್ತಿ ನೋಡಿದರೆ ಬೇರುಗಳ ನಡುವೆ ಮುಷ್ಟಿಗಾತ್ರದ ಮಾಸ್ (ನೀರು ಹಿಡಿದಿಡುವ ಒಣಪಾಚಿ) ಉಂಡೆಯನ್ನು ಗಟ್ಟಿಯಾಗಿ ತುರುಕಿರುವುದು ಕಾಣುತ್ತದೆ. ಸಾಗಣೆಯ ದಿನಗಳಲ್ಲಿ ಗಿಡ ಒಣಗದಿರಲೆಂದು ಮಾಡುವ ಏರ್ಪಾಡು ಅದು. ಮನೆಯಲ್ಲಿ ಮೇಲಿನ ಮಾಸ್ ಎರಡೇ ದಿನದಲ್ಲಿ ಒಣಗಿ ಗರಗರ ಅನ್ನುತ್ತದೆ, ಒಳಗಿನ ಉಂಡೆ ಮಾತ್ರ ಹತ್ತು ದಿನವಾದರೂ ಒದ್ದೆ. ಮೇಲೆ ಮುಟ್ಟಿ ನೋಡಿ ನೀರು ಹಾಕಿದವರ ಗಿಡ ಒಳಗಿನಿಂದ ಕೊಳೆಯುತ್ತದೆ. ಪಿಂಗಾಣಿ ಕುಂಡದ ತಳದಲ್ಲಿ ನಿಂತ ನೀರು ಉಳಿದ ಕೆಲಸ ಮುಗಿಸುತ್ತದೆ.

ಆದ್ದರಿಂದ ಬೇರಿನ ಬಣ್ಣ ನೋಡಿ ನೀರು ಹಾಕಿ. ಬೇರು ಹಸಿರಾಗಿದ್ದರೆ, ಕುಂಡದ ಒಳಗೋಡೆಯಲ್ಲಿ ಹನಿ ಕಂಡರೆ ನೀರು ಬೇಡ. ಬೇರು ಬೆಳ್ಳಿಯಂತೆ ಬಿಳುಪಾಗಿ, ಕೈಯಲ್ಲಿ ಹಿಡಿದರೆ ಕುಂಡ ಹಗುರಾಗಿದ್ದರೆ ಪ್ಲಾಸ್ಟಿಕ್ ಕುಂಡವನ್ನು ಹೊರಗೆತ್ತಿ ಹತ್ತು ನಿಮಿಷ ನೀರಿನಲ್ಲಿ ಅದ್ದಿ, ಪೂರ್ತಿ ಬಸಿದ ಮೇಲೆ ವಾಪಸ್ ಇಡಿ. ಈ ಕೆಲಸ ಬೆಳಿಗ್ಗೆ ಆಗಬೇಕು. ಎಲೆಗಳ ನಡುವಿನ ಕುಳಿಯಲ್ಲಿ ನೀರು ನಿಂತರೆ ಹಳೆಯ ಹತ್ತಿಬಟ್ಟೆಯ ತುದಿಯಿಂದ ಹೀರಿ ತೆಗೆಯಿರಿ. ಆ ಕುಳಿ ಕೊಳೆತರೆ ಹೊಸ ಎಲೆ ಬರುವ ಜಾಗವೇ ಹೋದಂತೆ, ಈ ಗಿಡಕ್ಕೆ ಬೆಳೆಯುವ ತುದಿ ಅದೊಂದೇ.

ಹೂ ಉದುರಿದ ಮೇಲೆ ಹೂಕಡ್ಡಿ ಇನ್ನೂ ಹಸಿರಾಗಿದ್ದು, ಗಿಡಕ್ಕೆ ಗಟ್ಟಿಯಾದ ನಾಲ್ಕು ಎಲೆಯಾದರೂ ಇದ್ದರೆ, ಬುಡದಿಂದ ಎರಡೋ ಮೂರೋ ಗೆಣ್ಣು ಬಿಟ್ಟು ಅದರ ಮೇಲೆ ಕತ್ತರಿಸಿ. ಅಲ್ಲಿಂದ ಕವಲೊಡೆದು ಎರಡು, ಮೂರು ತಿಂಗಳಲ್ಲಿ ಸಣ್ಣ ಗೊಂಚಲು ಬರಬಹುದು. ಎಲೆ ಜೋತುಬಿದ್ದಿದ್ದರೆ ಆ ಆಸೆ ಬಿಟ್ಟು ಕಡ್ಡಿಯನ್ನು ಬುಡಕ್ಕೇ ಕತ್ತರಿಸಿ, ಗಿಡ ಉಳಿಯಲಿ. ಮಾಸ್ ಉಂಡೆ ತೆಗೆಯುವುದಕ್ಕೂ ಇದೇ ಸಮಯ. ಬೇರುಗಳನ್ನು ಬೆರಳಿನಿಂದ ಒತ್ತಿ: ತುಂಬಿಕೊಂಡು ಗಟ್ಟಿಯಾಗಿದ್ದರೆ ಜೀವ ಇದೆ, ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಕೈಗೆ ಬಂದರೆ ಕತ್ತರಿಸಿ ಹಾಕಿ. ಒಂದರಿಂದ ಎರಡು ಸೆಂಟಿಮೀಟರ್ ಗಾತ್ರದ ಪೈನ್ ತೊಗಟೆ ಅಥವಾ ತೆಂಗಿನ ಸಿಪ್ಪೆಯ ತುಂಡು ಎರಡು ಪಾಲು, ಇದ್ದಿಲು ಒಂದು ಪಾಲು ಬೆರೆಸಿ ನೆಡಿ. ತೆಂಗಿನ ಸಿಪ್ಪೆಯನ್ನು ಮೂರು ದಿನ ನೆನೆಹಾಕಿ ದಿನಾ ನೀರು ಬದಲಿಸಿದ ಮೇಲಷ್ಟೇ ಬಳಸಬೇಕು. ಅದರ ಉಪ್ಪು, ಕಂದು ಬಣ್ಣದ ಒಗರು ಬೇರಿಗೆ ಆಗದು.

ಮರುವರ್ಷ ಹೊಸ ಕಡ್ಡಿ ಬರಬೇಕಾದರೆ ಮೂರು, ನಾಲ್ಕು ವಾರ ರಾತ್ರಿ ತಂಪಾಗಿರಬೇಕು, ಸುಮಾರು 16ರಿಂದ 18 ಡಿಗ್ರಿ. ಬೆಂಗಳೂರು, ಮೈಸೂರು, ಹಾಸನದವರಿಗೆ ನವೆಂಬರ್, ಡಿಸೆಂಬರ್‌ನಲ್ಲಿ ಇದು ತಾನಾಗಿ ಸಿಗುತ್ತದೆ, ಗಿಡವನ್ನು ರಾತ್ರಿ ಕಿಟಕಿ ಹತ್ತಿರ ಇಟ್ಟರಾಯಿತು. ಕಡ್ಡಿ ಮೂಡಿ ಹೂ ಅರಳುವಷ್ಟರಲ್ಲಿ ಇನ್ನೂ ಮೂರು ತಿಂಗಳು. ಕರಾವಳಿಯಲ್ಲಿ ರಾತ್ರಿ ಅಷ್ಟು ತಂಪಾಗುವುದು ಅಪರೂಪ. ಅಲ್ಲಿ ಫೆಲನಾಪ್ಸಿಸ್ ಎಲೆ ಬಿಟ್ಟುಕೊಂಡು ಸುಖವಾಗಿರುತ್ತದೆ, ಹೂವಿಗೆ ಮಾತ್ರ ಸತಾಯಿಸುತ್ತದೆ. ಕುಂದಾಪುರದ ನೆಂಟರಿಗೆ ವರ್ಷವರ್ಷ ಹೂ ಬಿಡುವ ಗಿಡ ಕೊಡಬೇಕೆಂದಿದ್ದರೆ ಮುಂದಿನದನ್ನು ನೋಡಿ.

ಡೆಂಡ್ರೋಬಿಯಂ: ಮನೆಗೆ ತರುವುದಾದರೆ ಇದೇ

ಮದುವೆ ಮಂಟಪದ ಅಲಂಕಾರದಲ್ಲಿ, ಬೊಕೆಗಳಲ್ಲಿ ಕಾಣುವ ನೇರಳೆ, ಬಿಳಿ ಬೆರೆತ ಹೂವು ಇದರದೇ ಸೋನಿಯಾ ತಳಿ. ಥಾಯ್ಲೆಂಡ್ ಹೊರದೇಶಗಳಿಗೆ ಕಳಿಸುವ ಕತ್ತರಿಸಿದ ಹೂವುಗಳಲ್ಲಿ ಇದಕ್ಕೆ ದೊಡ್ಡ ಪಾಲು. ಫೆಲನಾಪ್ಸಿಸ್‌ನ ಬೆಡಗು ಇದಕ್ಕಿಲ್ಲ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಆದರೆ ನಮ್ಮ ಹವೆಗೆ ಇಷ್ಟು ಹೊಂದುವ ಆರ್ಕಿಡ್ ಇನ್ನೊಂದು ಕಷ್ಟ. ಸೆಕೆ ತಡೆಯುತ್ತದೆ, ತೇವದ ಗಾಳಿ ಇಷ್ಟ, ಚೆನ್ನಾಗಿ ಬೆಳೆದ ಗಿಡ ವರ್ಷಕ್ಕೆ ಎರಡು ಮೂರು ಸಲ ಹೂ ಬಿಡುತ್ತದೆ, ಒಂದೊಂದು ಗೊಂಚಲು ಆರರಿಂದ ಎಂಟು ವಾರ ಇರುತ್ತದೆ. ಕತ್ತರಿಸಿ ಹೂದಾನಿಗೆ ಹಾಕಿದರೂ ಹತ್ತು, ಹನ್ನೆರಡು ದಿನ.

ಬೇಕಾದ್ದು ಬೆಳಕು. ದಿನಕ್ಕೆ ಮೂರು, ನಾಲ್ಕು ಗಂಟೆ ಬೆಳಗಿನ ಬಿಸಿಲು, ಅಥವಾ ದಿನವಿಡೀ 50 ಶೇಕಡಾ ಬಿಸಿಲು ತಡೆಯುವ ಹಸಿರು ಪರದೆಯ ಕೆಳಗಿನ ಬೆಳಕು. ಎಲೆಯೇ ಲೆಕ್ಕ ಹೇಳುತ್ತದೆ: ಕಡುಹಸಿರಾಗಿ ಸೊಂಪಾಗಿದ್ದರೆ ಬೆಳಕು ಸಾಲದು, ಹೂವೂ ಬರದು. ಬಾಳೆಯ ಎಳೆ ಎಲೆಯ ತಿಳಿಹಸಿರು ಸರಿ. ಹಳದಿಗೆ ತಿರುಗಿ ಅಂಚು ಕೆಂಪಾದರೆ ಬಿಸಿಲು ಹೆಚ್ಚಾಯಿತು. ಎಲೆ ಹಸಿರಾಗಿದೆ, ಗಿಡ ಆರೋಗ್ಯವಾಗಿದೆ, ಹೂವೊಂದೇ ಇಲ್ಲ ಎಂದು ಗೊಬ್ಬರದ ಮೇಲೆ ಗೊಬ್ಬರ ಹಾಕುವವರು ಕುಂಡವನ್ನು ಎರಡಡಿ ಹೊರಗೆ ಸರಿಸಿ ನೋಡಲಿ.

ಇದರ ಕಾಂಡ ಸಣ್ಣ ಕಬ್ಬಿನ ಜಲ್ಲೆಯಂತೆ ಗೆಣ್ಣುಗೆಣ್ಣಾಗಿರುತ್ತದೆ. ಹೂ ಮುಗಿದು ಎಲೆ ಉದುರಿದ ಜಲ್ಲೆ ಬೋಳಾಗಿ ಕಂಡಾಗ ಒಣಗಿತೆಂದು ಕತ್ತರಿಸಿಬಿಡುತ್ತಾರೆ. ದಯವಿಟ್ಟು ಕತ್ತರಿಸಬೇಡಿ. ಗಿಡದ ನೀರು, ಆಹಾರ ಎಲ್ಲ ಅದರಲ್ಲೇ ಕೂಡಿಟ್ಟಿರುತ್ತದೆ, ಅದೇ ಹಳೆಯ ಜಲ್ಲೆಯ ತುದಿಯಿಂದ ಮುಂದಿನ ವರ್ಷವೂ ಹೂಕಡ್ಡಿ ಬರಬಹುದು. ಪೂರ್ತಿ ಸುಕ್ಕಾಗಿ ಕಂದುಬಣ್ಣಕ್ಕೆ ತಿರುಗಿದ್ದನ್ನು ಮಾತ್ರ ತೆಗೆಯಿರಿ. ದೊಡ್ಡ ಕುಂಡಕ್ಕೆ ಬದಲಿಸುವುದು ಇನ್ನೊಂದು ತಪ್ಪು. ಎರಡಡಿ ಎತ್ತರದ ಗಿಡಕ್ಕೂ ನಾಲ್ಕೈದು ಇಂಚಿನ ಕುಂಡ ಸಾಕು. ಗಿಡ ಮೇಲ್ಭಾರದಿಂದ ಉರುಳುವ ಹಾಗಿದ್ದರೆ ಆ ಸಣ್ಣ ಕುಂಡವನ್ನೇ ಕಲ್ಲು ತುಂಬಿದ ದೊಡ್ಡ ಕುಂಡದೊಳಗೆ ಕೂರಿಸಿ. ನೆಡುವುದಕ್ಕೆ ಇದ್ದಿಲು, ಹೆಂಚಿನ ಚೂರು, ತೆಂಗಿನ ಸಿಪ್ಪೆ ತುಂಡು ಸಮಪಾಲು. ಮಣ್ಣು ಒಂದು ಹಿಡಿಯೂ ಬೇಡ.

ಕೊಳ್ಳುವಾಗ ಒಂದು ವಿಷಯ ಕೇಳಿ ತಿಳಿದುಕೊಳ್ಳಿ. ಜಲ್ಲೆಯ ತುದಿಯಿಂದ ಕಡ್ಡಿ ಬಂದು ಹೂ ಬಿಡುವುದು ಮೇಲೆ ಹೇಳಿದ ಸೆಕೆನಾಡಿನ ಬಗೆ. ಜಲ್ಲೆಯ ಉದ್ದಕ್ಕೂ ಗೆಣ್ಣಿಗಂಟಿ ಹೂ ಬಿಡುವುದು ನೋಬಿಲಿ ಬಗೆ. ಅದಕ್ಕೆ ನವೆಂಬರ್‌ನಿಂದ ಜನವರಿವರೆಗೆ ತಂಪು ಬೇಕು, ನೀರು ತೀರಾ ಕಡಿಮೆ ಮಾಡಬೇಕು, ಗೊಬ್ಬರ ನಿಲ್ಲಿಸಬೇಕು. ಆಗ ಕರುಣೆ ತೋರಿ ನೀರು ಗೊಬ್ಬರ ಕೊಟ್ಟರೆ ಹೂವಿನ ಬದಲು ಗೆಣ್ಣುಗಳಲ್ಲಿ ಮರಿಗಿಡ ಏಳುತ್ತವೆ.

ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಿಗೆ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಆರ್ಕಿಡ್ ಎಲೆ ಕಪ್ಪಾಗಿ ಕೊಳೆಯತೊಡಗಿದರೆ, ಅಡಿಕೆ ಕೊಳೆಗೆ ಮಾಡಿಟ್ಟ ಬೋರ್ಡೋ ದ್ರಾವಣವನ್ನೇ ಒಂದಿಷ್ಟು ಹೊಡೆಯೋಣ ಅನ್ನಿಸುವುದು ಸಹಜ. ಆ ದ್ರಾವಣದಲ್ಲಿರುವುದು ತಾಮ್ರ, ಡೆಂಡ್ರೋಬಿಯಂಗೆ ತಾಮ್ರ ಆಗುವುದಿಲ್ಲ. ಬೋರ್ಡೋ ಆಗಲಿ, ಕಾಪರ್ ಆಕ್ಸಿಕ್ಲೋರೈಡ್ ಆಗಲಿ ಎಲೆ, ಮೊಗ್ಗುಗಳನ್ನು ಸುಡುತ್ತದೆ. ಹೂಬಿಟ್ಟ ಬೇರೆ ಆರ್ಕಿಡ್‌ಗಳಿಗೂ ಅದನ್ನು ಹೊಡೆಯಬಾರದು. ತೋಟಕ್ಕೆ ಔಷಧಿ ಹೊಡೆಯುವ ದಿನ ಕುಂಡಗಳನ್ನು ಒಳಗಿಟ್ಟುಕೊಳ್ಳಿ. ಕೊಳೆತ ಭಾಗವನ್ನು ಬೆಂಕಿಗೆ ಹಿಡಿದು ಆರಿಸಿದ ಬ್ಲೇಡಿನಿಂದ, ಒಂದು ಸೆಂಟಿಮೀಟರ್ ಒಳ್ಳೆಯ ಎಲೆಯನ್ನೂ ಸೇರಿಸಿ ಕತ್ತರಿಸಿ, ಗಾಯಕ್ಕೆ ಚಕ್ಕೆಪುಡಿ ಒತ್ತಿ, ಎರಡು ದಿನ ನೀರು ತಾಗಿಸದೆ ಇಡಿ. ಚಕ್ಕೆಪುಡಿ ಬೇರಿಗೆ ಬೀಳಬಾರದು, ಅದು ಬೇರನ್ನು ಒಣಗಿಸುತ್ತದೆ. ಎಡೆಬಿಡದ ಮಳೆಯಿರುವ ಕಡೆ ಮೇಲೆ ಪಾರದರ್ಶಕ ಶೀಟು, ಸುತ್ತ ಗಾಳಿ, ಇವೆರಡಿದ್ದರೆ ಕೊಳೆಯುವ ಭಯ ಅರ್ಧ ಕಡಿಮೆ.

ಉಳಿದವು

ವ್ಯಾಂಡಾ ನೋಡಿದವರು ಮರುಳಾಗುತ್ತಾರೆ. ಮಣ್ಣಿಲ್ಲ, ತುಂಬುವ ವಸ್ತು ಇಲ್ಲ, ಬುಟ್ಟಿಯಿಂದ ಎರಡು ಮೂರಡಿ ಬೇರು ಗಾಳಿಯಲ್ಲಿ ಇಳಿಬಿದ್ದಿರುತ್ತದೆ, ಮೇಲೆ ಅಂಗೈಯಗಲದ ಹೂವು. ಆ ಬೇರು ಪ್ರತಿದಿನ ಬೆಳ್ಳಿಬಣ್ಣದಿಂದ ಹಸಿರಿಗೆ ತಿರುಗುವವರೆಗೆ ನೆನೆಯಬೇಕು. ಉಡುಪಿ, ಕಾರವಾರದ ಅಂಗಳದಲ್ಲಿ ದಿನಕ್ಕೊಂದು ಸಲ, ಬೆಂಗಳೂರಿನ ಮಾರ್ಚ್, ಏಪ್ರಿಲ್‌ನಲ್ಲಿ ಎರಡು ಸಲ. ಕಲಬುರಗಿ, ರಾಯಚೂರಿನ ಒಣಬೇಸಿಗೆಯಲ್ಲಿ ಇದನ್ನು ಉಳಿಸಿಕೊಳ್ಳುವುದು ಬಲು ಕಷ್ಟ. ನಾಲ್ಕು ದಿನ ಊರಿಗೆ ಹೋಗುವ ಮನೆಯವರಿಗೆ ಇದನ್ನು ಉಡುಗೊರೆಯಾಗಿ ಕೊಡಬೇಡಿ, ಅದು ಅವರಿಗೆ ಹೊರೆ. ಕರಾವಳಿಯಲ್ಲಿ ಅಂಗಳವಿರುವವರು ಇದರ ಬಳಗದ ಮೊಕಾರಾವನ್ನು ಆರಿಸಬಹುದು. ಬಿಸಿಲು ತಡೆಯುತ್ತದೆ, ತೆಂಗಿನ ಸಿಪ್ಪೆ ಹಾಸಿದ ಮಡಿಯಲ್ಲಿ ಕೋಲಿನಾಸರೆಗೆ ಬೆಳೆಯುತ್ತದೆ, ಕಿತ್ತಳೆ, ಹಳದಿ, ಕೆಂಪು ಹೂವು ಮನೆಯ ಹೂದಾನಿಗೆ ಸಾಕಾಗುವಷ್ಟು ಸಿಗುತ್ತದೆ.

ಆನ್ಸಿಡಿಯಂ ಎಂದರೆ ಹಳದಿ ಲಂಗ ತೊಟ್ಟು ಕುಣಿಯುವ ಹುಡುಗಿಯರಂಥ ಪುಟ್ಟ ಹೂವುಗಳ ಗೊಂಚಲು. ಬೆಂಗಳೂರು, ಚಿಕ್ಕಮಗಳೂರಿನ ಹವೆಗೆ ಚೆನ್ನಾಗಿ ಹೊಂದುತ್ತದೆ, ನಾಲ್ಕರಿಂದ ಆರು ವಾರ ಇರುತ್ತದೆ. ಬೇರು ಸಣ್ಣ, ಬೇಗ ಒಣಗುತ್ತದೆ. ಹೊಸ ಚಿಗುರು ಬೆಳೆಯುವಾಗ ನೀರು ತಪ್ಪಿದರೆ ಎಲೆ ಕಾಗದದ ಬೀಸಣಿಗೆಯಂತೆ ಮಡಿಕೆ ಬೀಳುತ್ತದೆ. ಆಮೇಲೆ ಎಷ್ಟು ನೀರು ಹಾಕಿದರೂ ಆ ಎಲೆ ಬಿಚ್ಚಿಕೊಳ್ಳುವುದಿಲ್ಲ. ಶ್ಯಾರಿ ಬೇಬಿ ಎಂಬ ತಳಿಯ ಹೂವಿಗೆ ಚಾಕೊಲೇಟ್ ವಾಸನೆಯಿದೆ. ಮಕ್ಕಳಿರುವ ಮನೆಗೆ ಕೊಡಲು ಇಷ್ಟು ಒಳ್ಳೆಯ ಗಿಡ ಮತ್ತೊಂದಿಲ್ಲ.

ಕ್ಯಾಟ್ಲಿಯಾದ್ದು ದೊಡ್ಡ ಹೂವು, ಹಲವು ತಳಿಗಳಿಗೆ ಮೋಹಕ ಪರಿಮಳ, ಆದರೆ ಒಂದರಿಂದ ಮೂರು ವಾರಕ್ಕೆ ಮುಗಿಯಿತು. ಡೆಂಡ್ರೋಬಿಯಂ ಬೆಳೆಸಿ ಕೈ ಕುದುರಿದವರು ತಮಗಾಗಿ ಕೊಳ್ಳಲಿ. ಸಿಂಬಿಡಿಯಂ ಸಿಕ್ಕಿಂ, ಡಾರ್ಜಿಲಿಂಗ್, ಕಾಲಿಂಪಾಂಗ್‌ನ ಬೆಟ್ಟಗಳಲ್ಲಿ ಬೆಳೆಯುವ ಬೆಳೆ. ರಾಷ್ಟ್ರೀಯ ಆರ್ಕಿಡ್ ಸಂಶೋಧನಾ ಕೇಂದ್ರವಿರುವುದೂ ಸಿಕ್ಕಿಂನ ಪಾಕ್ಯೊಂಗ್‌ನಲ್ಲೇ. ಹೂ ಮೂಡಲು ರಾತ್ರಿ 10ರಿಂದ 14 ಡಿಗ್ರಿಯ ತಂಪು ವಾರಗಟ್ಟಲೆ ಬೇಕಾದ್ದರಿಂದ ಮಡಿಕೇರಿಯ ಆಸುಪಾಸು ಬಿಟ್ಟರೆ ನಮ್ಮಲ್ಲಿ ಕುಂಡದ ಗಿಡ ಮತ್ತೆ ಹೂಬಿಡುವ ಭರವಸೆ ಇಲ್ಲ. ಇದನ್ನು ಕತ್ತರಿಸಿದ ಹೂವಾಗಿ ಕೊಡಿ, ಎರಡು ವಾರದ ಮೇಲೂ ತಾಜಾ ಇರುತ್ತದೆ.

ಹಳ್ಳಿಯ ಅಂಗಳಕ್ಕೆ, ಶಾಲೆಯ ಕೈತೋಟಕ್ಕೆ ಗ್ರೌಂಡ್ ಆರ್ಕಿಡ್ ಎಂದು ಮಾರುವ ಸ್ಪಾಥೊಗ್ಲಾಟಿಸ್ ಸಾಕು. ಮಣ್ಣು, ಮರಳು, ಎಲೆಗೊಬ್ಬರ ಬೆರೆಸಿದ ಸಾಮಾನ್ಯ ಕುಂಡದಲ್ಲೇ ಬೆಳೆಯುತ್ತದೆ, ನೇರಳೆ ಹೂವು ತುದಿಯಲ್ಲಿ ಒಂದಾದ ಮೇಲೊಂದು ತಿಂಗಳುಗಟ್ಟಲೆ ಅರಳುತ್ತಿರುತ್ತದೆ. ಇಷ್ಟು ಗುಣದ ಗಿಡವನ್ನು ಅಗ್ಗವೆಂಬ ಕಾರಣಕ್ಕೇ ಜನ ಕಡೆಗಣಿಸುತ್ತಾರೆ ಎನ್ನುವುದು ಬೇಸರದ ವಿಷಯ.

ಕೊಳ್ಳುವ ಹೊತ್ತು, ಒಯ್ಯುವ ದಾರಿ

ಲಾಲ್‌ಬಾಗ್‌ನ ಜನವರಿ, ಆಗಸ್ಟ್ ಫಲಪುಷ್ಪ ಪ್ರದರ್ಶನದ ಮಳಿಗೆಯಾಗಲಿ, ಊರಿನ ನರ್ಸರಿಯಾಗಲಿ, ಗಿಡವನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕುಂಡದೊಳಗೆ ಲೊಳಲೊಳ ಆಡಿದರೆ ಬೇರಿಲ್ಲ. ಎಲೆಯ ಅಡಿ, ಎಲೆ ಕಾಂಡಕ್ಕೆ ಸೇರುವ ಸಂದು ನೋಡಿ: ಹತ್ತಿಯಂಥ ಬಿಳಿ ಚುಕ್ಕೆಯಿದ್ದರೆ ಹಿಟ್ಟುತಿಗಣೆ. ಒಂದು ಗಿಡದಿಂದ ಮನೆಯ ಎಲ್ಲಕ್ಕೂ ಹಬ್ಬುತ್ತದೆ. ಉಡುಗೊರೆಗೆ ಅರ್ಧ ಹೂ ಅರಳಿ ತುದಿಯಲ್ಲಿ ಮೂರು ನಾಲ್ಕು ಮೊಗ್ಗು ಉಳಿದಿರುವುದನ್ನು ಆರಿಸಿ. ಎಲ್ಲವೂ ಅರಳಿದ್ದರೆ ಅದು ಎಷ್ಟು ದಿನ ಹಳೆಯದೆಂದು ತಿಳಿಯುವುದಿಲ್ಲ, ಎಲ್ಲ ಮೊಗ್ಗೇ ಆದರೆ ಜಾಗ ಬದಲಾದ ಪೆಟ್ಟಿಗೆ ಉದುರಬಹುದು.

ಅಚ್ಚ ನೀಲಿ ಫೆಲನಾಪ್ಸಿಸ್ ಕಂಡರೆ ಹೂಕಡ್ಡಿಯ ಬುಡದತ್ತ ಹುಡುಕಿ, ಮೇಣ ಮುಚ್ಚಿದ ಸಣ್ಣ ತೂತು ಸಿಗುತ್ತದೆ. ಬಿಳಿ ಹೂವಿನ ಗಿಡಕ್ಕೆ ಅಲ್ಲಿಂದ ಬಣ್ಣ ಏರಿಸಿರುತ್ತಾರೆ. ಮುಂದಿನ ಸಲ ಬರುವುದು ಬಿಳಿ ಹೂವೇ.

ನಮ್ಮ ಕಡೆ ಆರ್ಕಿಡ್ ಮೊಗ್ಗು ಉದುರುವುದಕ್ಕೆ ಯಾರೂ ಅನುಮಾನಿಸದ ಕಾರಣ ಹಣ್ಣಿನ ಬುಟ್ಟಿ. ಮಾಗುತ್ತಿರುವ ಬಾಳೆ, ಮಾವು, ಸೇಬು ಎಥಿಲೀನ್ ಅನಿಲ ಬಿಡುತ್ತವೆ. ಅದು ತಾಗಿದ ಮೊಗ್ಗು ಹಳದಿಯಾಗುತ್ತದೆ, ಹೂವು ಬಾಡುತ್ತದೆ. ನಿಶ್ಚಿತಾರ್ಥಕ್ಕೆ ಹೋಗುವ ಕಾರಿನಲ್ಲಿ ಹಣ್ಣಿನ ತಟ್ಟೆಗಳ ನಡುವೆ, ಕಿಟಕಿ ಏರಿಸಿ, ಮೂರು ಗಂಟೆ ಪ್ರಯಾಣ ಮಾಡಿದ ಗಿಡ ಎರಡು ದಿನಕ್ಕೇ ಮುಖ ಬಾಡಿಸುತ್ತದೆ. ಹೊಗೆಯಲ್ಲೂ ಎಥಿಲೀನ್ ಇರುವುದರಿಂದ ಹೋಮ ನಡೆಯುವ ಕೋಣೆಯಲ್ಲಿ, ಊದುಬತ್ತಿಯ ಪಕ್ಕದಲ್ಲಿ ಇಡಬೇಡಿ. ಹಣ್ಣು ಡಿಕ್ಕಿಯಲ್ಲಿರಲಿ, ಗಿಡ ಹಿಂದಿನ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ನೆಟ್ಟಗೆ ಕೂರಲಿ, ಎಸಿಯ ಗಾಳಿ ನೇರ ಹೂವಿಗೆ ಬಡಿಯದಿರಲಿ. ನಿಲ್ಲಿಸಿದ ಕಾರಿನ ಬಿಸಿಲಲ್ಲಿ ಅರ್ಧ ಗಂಟೆಯೂ ಬಿಡಬೇಡಿ.

ನೀರಿನ ವಿಷಯ ಅಪಾರ್ಟ್‌ಮೆಂಟಿನವರಿಗೆ ವಿಶೇಷವಾಗಿ ಹೇಳಬೇಕು. ಕಟ್ಟಡಕ್ಕೆ ಗಡಸು ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ಅಳವಡಿಸಿದ್ದರೆ ಆ ನೀರಿನಲ್ಲಿ ಸುಣ್ಣದ ಬದಲು ಸೋಡಿಯಂ ಸೇರಿರುತ್ತದೆ. ಸಾಬೂನಿಗೆ ನೊರೆ ಬರುತ್ತದೆ, ಬೇರಿನ ತುದಿ ಕಪ್ಪಾಗುತ್ತದೆ. ಗಡಸು ಬೋರ್‌ವೆಲ್ ನೀರಾದರೆ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು, ಇಲ್ಲದಿದ್ದರೆ ಕುಡಿಯುವ ಆರ್‌ಒ ನೀರು. ಗೊಬ್ಬರಕ್ಕೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ ಕರಗುವ ಗೊಬ್ಬರ) ಒಂದು ಲೀಟರ್ ನೀರಿಗೆ ಅರ್ಧ ಗ್ರಾಂ, ಅಂದರೆ ಒಂದು ಚಿಟಿಕೆ, ವಾರಕ್ಕೊಮ್ಮೆ ಮಾತ್ರ, ಅದೂ ಬೇರು ಮೊದಲೇ ಒದ್ದೆಯಾಗಿರುವಾಗ. ತಿಂಗಳಿಗೊಮ್ಮೆ ಬರೀ ನೀರಿನಿಂದ ಚೆನ್ನಾಗಿ ತೊಳೆದು ಉಪ್ಪು ಇಳಿಸಿ.

ಪಶ್ಚಿಮಘಟ್ಟದ ಮರಗಳಲ್ಲಿ ಮಳೆಗಾಲದ ಮೊದಲು ಜೋತಾಡುವ ಸೀತಾಳೆ ದಂಡೆಯೂ ಆರ್ಕಿಡ್ಡೇ. ರಸ್ತೆಬದಿಯಲ್ಲಿ ಯಾರಾದರೂ ಕಾಡಿನಿಂದ ಕಿತ್ತು ಮಾರಿದರೆ ಕೊಳ್ಳಬೇಡಿ. ಮರದ ತೊಗಟೆಯಿಂದ ಕಿತ್ತಾಗ ಬೇರು ಹರಿಯುತ್ತದೆ, ಊರಿಗೆ ತಂದದ್ದರಲ್ಲಿ ಬದುಕುವುದು ಕೆಲವೇ. ಕಾಡಿನ ಆರ್ಕಿಡ್‌ಗಳನ್ನು ದೇಶದಿಂದಾಚೆ ಸಾಗಿಸುವುದಕ್ಕಂತೂ ಅಪಾಯದಲ್ಲಿರುವ ಕಾಡುಜೀವಿ, ಗಿಡಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಕಟ್ಟುಪಾಡಿದೆ. ಅಂಗಾಂಶ ಕೃಷಿಯಿಂದ ಬೆಳೆಸಿದ ನರ್ಸರಿ ಗಿಡ ಬೇಕಾದಷ್ಟು ಸಿಗುವಾಗ ಮರದ ಮೇಲಿನದು ಮರದಲ್ಲೇ ಇರಲಿ.

ಉಡುಗೊರೆಯ ಕುಂಡಕ್ಕೆ ಶುಭಾಶಯದ ಜೊತೆ ಇನ್ನೊಂದು ಚೀಟಿ ಕಟ್ಟಿ. ಗಿಡದ ಹೆಸರು, ಕೊನೆಯ ಸಲ ನೀರು ಹಾಕಿದ ತಾರೀಕು, "ಬೇರು ಬೆಳ್ಳಗಾದಾಗ ಮಾತ್ರ ನೀರು, ಒಳಕುಂಡ ಹೊರಗೆತ್ತಿ ಬಸಿಯಿರಿ", "ಹಣ್ಣಿನ ಬುಟ್ಟಿಯಿಂದ ದೂರ", "ಹೂ ಉದುರಿದರೆ ಗಿಡ ಸತ್ತಿಲ್ಲ, ಎಸೆಯಬೇಡಿ". ನೀಲಿ ಬಣ್ಣ ಏರಿಸಿದ ಗಿಡವಾದರೆ, ಮುಂದಿನ ಹೂವು ಬಿಳಿ ಎಂಬುದನ್ನೂ ಅದರಲ್ಲೇ ಬರೆದುಬಿಡಿ.